ಮಳೆಗಾಲದಲ್ಲಿ ಮಿಸ್ಟೇರ್‌ಗೆ ಬೆಳ್ಳಿ ಬಣ್ಣ: ಮಬ್ಬು ಹಿಡಿಯದ ಹಾಗೆ ಹೊಡೆಯೋದು ಹೇಗೆ?

ಪೊನ್ನಂಪೇಟೆ_ರೆಕ್ಕೆ:

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಯುದ್ಧವಿಮಾನ ಡಸಾಲ್ಟ್ ಮಿಸ್ಟೇರ್ 4ಎ, ಅದರ 1/72 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. ಎಪ್ಪತ್ತರ ದಶಕದ ಹಳೇ ಅಚ್ಚಿನ ಕಿಟ್. ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹಾರಿಸಿದ ವಿಮಾನ ಇದೇ ಜಾತಿಯದು, ಅದನ್ನೇ ಮಾಡಬೇಕು ಅಂತ ಬಹಳ ದಿನದ ಆಸೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಮುಗಿದರೆ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಕೋವಿ ಪೂಜೆಗೆ ಸೇರುವ ಮಕ್ಕಳಿಗೆಲ್ಲ ತೋರಿಸಬಹುದು.

ತೊಂದರೆ ಏನೆಂದರೆ, ಮೈಮೇಲೆ ಲೋಹದ ಹಾಳೆಗಳ ಜೋಡಣೆ ತೋರಿಸುವ ಗೆರೆಗಳು ಉಗುರು ಸಿಕ್ಕಿಕೊಳ್ಳುವಷ್ಟು ಆಳ, ಅಗಲ. ಮುಚ್ಚಬೇಕಾ, ಹಾಗೇ ಬಿಡಬೇಕಾ? ಇನ್ನೊಂದು, ಪ್ಲಾಸ್ಟಿಕ್ ಚಮಚದ ಮೇಲೆ ಲ್ಯಾಕರ್ (ಬೇಗ ಆರುವ ಥಿನ್ನರ್ ಬಣ್ಣ) ಹೊಡೆದು ನೋಡಿದೆ. ಹತ್ತು ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಇಲ್ಲಿ ಮಳೆ ಬಿಡುವ ಲಕ್ಷಣ ಇಲ್ಲ. ಮೈಮೇಲೆ ಅಂಟಿಸುವ ಗುರುತುಗಳ ಡೆಕಾಲ್ ಹಾಳೆಯಲ್ಲಿರುವುದೂ ಫ್ರಾನ್ಸಿನ ಗುರುತುಗಳು ಮಾತ್ರ.

ಕುಶಾಲನಗರ_ಫಿಟ್ಟರ್:

ರೆಕ್ಕೆಯವರೇ, ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಮೈ ನೋಡಿಕೊಳ್ಳುವವ) ಆಗಿ ನಿವೃತ್ತನಾದವ. ಜೀವಮಾನವೆಲ್ಲ ಅಲ್ಯೂಮಿನಿಯಂ ಹಾಳೆಯ ಮೇಲೆ ಕೈಯಾಡಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗೆರೆ ಮುಚ್ಚಲೇಬೇಕು. ಲೆಕ್ಕ ಹಾಕಿ ನೋಡಿ: ಕಿಟ್‌ನ ಗೆರೆ 0.4 ಮಿಲಿಮೀಟರ್ ಅಗಲ ಇದ್ದರೆ ನಿಜವಾದ ವಿಮಾನದಲ್ಲಿ ಅದು ಸುಮಾರು 29 ಮಿಲಿಮೀಟರ್. ಎರಡು ಹಾಳೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರೆ ಆ ವಿಮಾನಕ್ಕೆ ಹಾರಲು ಯಾರೂ ಸಹಿ ಹಾಕುವುದಿಲ್ಲ. ಗೆರೆಯಲ್ಲಿ ತೆಳ್ಳನೆಯ ಸೂಪರ್ ಗ್ಲೂ ಹರಿಸಿ. ಗಾಳಿಯಲ್ಲಿರುವ ತೇವದಿಂದಲೇ ಅದು ಗಟ್ಟಿಯಾಗುವುದು, ಹಾಗಾಗಿ ನಮ್ಮ ಕಕ್ಕಡ ಮಾಸದ ಮಳೆ ಹವೆ ಅದಕ್ಕೆ ಒಳ್ಳೆಯದೇ. ಆದರೆ ರಾತ್ರಿ ಬಿಟ್ಟು ಬೆಳಿಗ್ಗೆ ಉಜ್ಜೋಣ ಅನ್ನಬೇಡಿ. ಅಷ್ಟರಲ್ಲಿ ಅದು ಪ್ಲಾಸ್ಟಿಕ್‌ಗಿಂತ ಗಡುಸಾಗಿ, ಉಜ್ಜಿದಾಗ ಅಕ್ಕಪಕ್ಕದ ಪ್ಲಾಸ್ಟಿಕ್ ಮಾತ್ರ ಸವೆದು ಗುಳಿ ಬೀಳುತ್ತದೆ. ಗಟ್ಟಿಯಾದ ಒಂದೆರಡು ಗಂಟೆಯೊಳಗೇ 400ರ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಮಟ್ಟ ಮಾಡಿ, ಆಮೇಲೆ 600, 1000, 2000. ಡೈಮೋ ಟೇಪು (ಹೆಸರು ಅಚ್ಚೊತ್ತುವ ದಪ್ಪ ಪ್ಲಾಸ್ಟಿಕ್ ಪಟ್ಟಿ) ಅಂಟಿಸಿಕೊಂಡು ಅದರ ಅಂಚಿನಗುಂಟ ಸೂಜಿಯಲ್ಲಿ ಹೊಸ ಗೆರೆ ಎಳೆಯಿರಿ. ಒತ್ತಬೇಡಿ, ಸೂಜಿಯ ಭಾರವೇ ಸಾಕು.

ಬೆಳ್ಳಿ ಬಣ್ಣದ ವಿಮಾನದಲ್ಲಿ ಕೆಲಸವೆಲ್ಲ ಬಣ್ಣದ ಕೆಳಗೇ ಇದೆ. ಹಸಿರು, ಕಂದು ಬಣ್ಣ ಒಂದು ಗೀರನ್ನು ಮುಚ್ಚಿಬಿಡುತ್ತದೆ. ಬೆಳ್ಳಿ ಅದನ್ನು ಎತ್ತಿ ತೋರಿಸುತ್ತದೆ. ಮೊದಲು ಹೊಳಪಿನ ಕಪ್ಪು ಹೊಡೆದು, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಟ್ಯೂಬಿನ ಬಿಂಬ ನೆಟ್ಟಗೆ ಕಾಣಬೇಕು. ಎಲ್ಲಿ ಮುರಿದು ಕಾಣುತ್ತದೋ ಅಲ್ಲಿ ಮತ್ತೆ ಉಜ್ಜಿ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಹಾಗೆಯೇ ಇಡೀ ಮೈಗೆ ಒಂದೇ ಬೆಳ್ಳಿ ಬೇಡ. ನಿಜವಾದ ವಿಮಾನದಲ್ಲಿ ಒಂದು ಹಾಳೆ ಹೊಳೆಯುತ್ತದೆ, ಪಕ್ಕದ್ದು ಮಂಕು. ಬಾಲದ ಹೊಗೆಕೊಳವೆಯ ಸುತ್ತ ಕಾದು ಕಾದು ಕಂದು ಛಾಯೆ ಬಂದಿರುತ್ತದೆ. ಮೂತಿಯ ಕೆಳಗೆ 30 ಮಿಲಿಮೀಟರಿನ ಎರಡು ಡೆಫಾ ತೋಪುಗಳಿವೆ, ಅಲ್ಲಿ ಕೊಂಚ ಮಸಿ ಸಾಕು.

ಸೋಮವಾರಪೇಟೆ_ಬ್ರಷ್:

ಫಿಟ್ಟರ್ ಸರ್ ಹೇಳಿದ್ದಕ್ಕೆ ಮಬ್ಬಿನ ವಿಷಯ ಸೇರಿಸುತ್ತೇನೆ. ಲ್ಯಾಕರ್ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಹನಿಯಾಗಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಆ ಬಿಳುಪು ಅದೇ. ನಿಧಾನವಾಗಿ ಆರಿಸುವ ರಿಟಾರ್ಡರ್ ಸೇರಿದ ಥಿನ್ನರ್ ತಗೊಳ್ಳಿ. ಬಿಳುಪಾದ ಚಮಚದ ಮೇಲೆ ಅದನ್ನೇ ತೆಳ್ಳಗೆ ಹೊಡೆದು ನೋಡಿ, ಎಷ್ಟೋ ಸಲ ಬಣ್ಣ ಮತ್ತೆ ಕರಗಿ ಸರಿಯಾಗುತ್ತದೆ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದ ಮೇಲ್ಗಡೆ ತೂತು ಮಾಡಿ 40 ವ್ಯಾಟಿನ ಹಳೇ ಬಲ್ಬು ಇಳಿಬಿಡಿ. ಬಲ್ಬು ಡಬ್ಬಕ್ಕೂ ಮಾದರಿಗೂ ತಾಗಬಾರದು, ಒಳಗೆ 40 ಡಿಗ್ರಿ ದಾಟಬಾರದು. ಬಣ್ಣ ಹೊಡೆಯುವ ಮುಂಚೆ ಮಾದರಿಯನ್ನು ಅರ್ಧ ಗಂಟೆ ಅದರಲ್ಲಿಟ್ಟರೆ ಮೈ ಬೆಚ್ಚಗಿರುತ್ತದೆ. ಹೊಡೆಯುವಾಗ ಬಲ್ಬು ಆರಿಸಿ. ಇನ್ನೊಂದು ಮಾತು: ಬೆಚ್ಚಗಿದೆ ಅಂತ ಅಡುಗೆಮನೆಯ ಸೌದೆ ಒಲೆ ಹತ್ತಿರ ದಯವಿಟ್ಟು ಹೊಡೆಯಬೇಡಿ. ಥಿನ್ನರ್ ಆವಿ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ.

ಪೊನ್ನಂಪೇಟೆ_ರೆಕ್ಕೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫಿಟ್ಟರ್ ಸರ್, ಮಾದರಿ ಬಾಲದ ಮೇಲೆ ಕುಳಿತುಬಿಡದ ಹಾಗೆ ಮೂತಿಗೆ ಭಾರ ಎಲ್ಲಿ ಹಾಕಲಿ? ಗಾಳಿ ಒಳಹೋಗುವ ಬಾಯಿ ಮೂತಿಯಲ್ಲೇ ಇದೆ, ತುಂಬಿದರೆ ಎದುರಿಂದ ಕಾಣುತ್ತದೆ. ಮತ್ತೆ ಗುರುತುಗಳು?

ಕುಶಾಲನಗರ_ಫಿಟ್ಟರ್:

ಪೈಲಟ್ ಕೂರುವ ತಳದ ಕೆಳಗೆ ಜಾಗ ಇದೆ, ಅಲ್ಲಿ ಹಾಕಿ. ಹಿಂದಿನ ಚಕ್ರಗಳಿಗಿಂತ ಮುಂದೆ ಎಲ್ಲಿದ್ದರೂ ನಡೆಯುತ್ತದೆ, ಮೂತಿಗೆ ಹತ್ತಿರವಾದಷ್ಟೂ ಕಡಿಮೆ ಭಾರ ಸಾಕು. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಂತೆಯಲ್ಲಿ ಸಿಗುತ್ತದೆ. ಅದನ್ನು ಬಿಳಿ ಫೆವಿಕಾಲ್‌ನಂಥ ಅಂಟಿನಲ್ಲಿ ಕೂರಿಸಬೇಡಿ. ಸೀಸ ನಿಧಾನಕ್ಕೆ ಕಿಲುಬಿ ಉಬ್ಬಿ, ವರ್ಷಗಳ ಮೇಲೆ ಮೈಯ ಜೋಡಣೆಯನ್ನೇ ಒಡೆಯುತ್ತದೆ. ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ಸೀಸ ಮುಟ್ಟಿದ ಕೈ ತೊಳೆಯಿರಿ.

ಗುರುತಿಗೆ ವೃತ್ತ ಕತ್ತರಿಸುವ ಕಟರ್‌ನಲ್ಲಿ ಮಾಸ್ಕಿಂಗ್ ಟೇಪು ಕತ್ತರಿಸಿ ನೀವೇ ಬಣ್ಣ ಹೊಡೆಯಿರಿ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೊದಲು ಪೂರ್ತಿ ಬಿಳಿ ಹೊಡೆದು ಅದರ ಮೇಲೆ ಮಿಕ್ಕ ಎರಡು. ಬೆಳ್ಳಿಯ ಮೇಲೆ ನೇರ ಕೇಸರಿ ಹೊಡೆದರೆ ಮಂಕಾಗುತ್ತದೆ. ಬಾಲದ ಸಂಖ್ಯೆ ಮಾತ್ರ ಫೋಟೋ ಕೈಗೆ ಸಿಗುವವರೆಗೆ ಬರೆಯಬೇಡಿ. ಅಂದಾಜಿನ ಸಂಖ್ಯೆ ಬರೆಯುವುದಕ್ಕಿಂತ ಖಾಲಿ ಬಿಡುವುದು ಅವರಿಗೆ ಮರ್ಯಾದೆ.

ಮಕ್ಕಳಿಗೆ ತೋರಿಸುವಾಗ ಇಷ್ಟು ಹೇಳಿ. ಆ ದಿನ ದೇವಯ್ಯನವರು ಪಂಜಾಬಿನ ಆದಂಪುರ ವಾಯುನೆಲೆಯಲ್ಲಿ ಮೀಸಲು ಪೈಲಟ್. ಹೊರಟವರಲ್ಲಿ ಒಬ್ಬರಿಗೆ ಹೋಗಲಾಗದೆ ಇವರು ಆ ಜಾಗಕ್ಕೆ ಸೇರಿದರು. ಎದುರು ಬಂದ ಪಾಕಿಸ್ತಾನದ ಎಫ್-104 ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಶಬ್ದದ ವೇಗ ದಾಟುತ್ತಿದ್ದುದೇ ಕೆಳಕ್ಕೆ ಧುಮುಕುವಾಗ. ಅಂಥದರಲ್ಲಿ ತಿರುಗಿ ನಿಂತು ಅದನ್ನು ಬೀಳಿಸಿದರು, ತಾವು ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಕಪ್ಪು ಹೊಡೆದ ಮೇಲೆ ಒಂದು ಫೋಟೋ ಹಾಕಿ, ಬೆಳ್ಳಿಗೆ ಮುಂಚೆ ನೋಡಿ ಹೇಳುತ್ತೇನೆ.