ನಾಪೋಕ್ಲು ಕಡೆ ಮನೆಗೆ ಕಮ್ಮಿ ರೇಟಿನ ಡಿವಿಡಿ ಪ್ಲೇಯರ್ ಬೇಕು, ಇಟ್ಕೊಂಡಿರೋರು ಹೇಳಿ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಗೋಣಿಕೊಪ್ಪದ ರಿಪೇರಿ ಅಂಗಡಿ ಅಣ್ಣ ಈ ಗ್ರೂಪಲ್ಲಿ ಇದ್ದಾರಲ್ಲ, ಅವ್ರಿಗೇ ಕೇಳ್ತಿರೋದು, ಆದ್ರೆ ಮನೇಲಿ ಪ್ಲೇಯರ್ ಇರೋರೂ ಹೇಳಿ. ನಮ್ಮನೆ ನಾಪೋಕ್ಲಿಂದ ಇನ್ನೂ ಒಳಗೆ, ತೋಟದ ಮಧ್ಯ. ಮಳೆ ಹಿಡೀತು ಅಂದ್ರೆ ನೆಟ್ಟೂ ಇಲ್ಲ ಡಿಶ್ಶೂ ಇಲ್ಲ, ಮಾವ ಜಗಲೀಲಿ ಕೂತು ಮಳೆ ನೋಡ್ತಾ ಎಷ್ಟು ದಿನ ಕಳೀತಾರೆ. ಹಳೇ ವಿಸಿಡಿ ಡಿವಿಡಿ ಒಂದು ಬಿಸ್ಕೆಟ್ ಡಬ್ಬ ತುಂಬ ಇದೆ, ರಾಜ್‌ಕುಮಾರ್ ಪಿಕ್ಚರ್‌ಗಳೇ ಜಾಸ್ತಿ, ಜೊತೆಗೆ ನಮ್ಮ 2009ರ ಮದ್ವೆ ಡಿವಿಡಿ. ಹಳೇ ಪ್ಲೇಯರ್ ಈಗ ಏನು ಹಾಕಿದ್ರೂ 'ನೋ ಡಿಸ್ಕ್' ಅನ್ನತ್ತೆ. ಅದು ಸರಿ ಇದ್ದಾಗ್ಲೂ ಮದ್ವೆ ಡಿಸ್ಕ್ ಮುಹೂರ್ತದ ತನಕ ಚೆನ್ನಾಗಿ ಓಡಿ ಗಂಗಾಪೂಜೆ (ಮದುಮಗಳು ನೀರು ಹೊತ್ತು ಬರೋ ಶಾಸ್ತ್ರ, ನೆಂಟರು ದಾರಿಗೆ ಅಡ್ಡ ಕುಣೀತಾರೆ) ಶುರುವಾಗೋ ಹೊತ್ತಿಗೆ ಚೌಕ ಚೌಕ ಆಗಿ ನಿಂತುಬಿಡ್ತಿತ್ತು, ವಾಲಗ ಮಾತ್ರ ಕಟ್ ಕಟ್ ಅಂತ ಕೇಳ್ತಿತ್ತು. ಟಿವಿ ಹೊಸದು, ಹಿಂದೆ ಎಚ್‌ಡಿಎಂಐ ಎರಡಿದೆ, ಯುಎಸ್‌ಬಿ ಇದೆ, ಇಯರ್‌ಫೋನ್ ತರದ ಒಂದು ತೂತು ಇದೆ, ಹಳೇ ಪ್ಲೇಯರಿನ ಕೆಂಪು ಬಿಳಿ ಹಳದಿ ಪಿನ್ ಹಾಕೋ ಜಾಗನೇ ಇಲ್ಲ. ಬಜೆಟ್ 3000.

ಉತ್ತರ (ರಿಪೇರಿ ಅಂಗಡಿ):
ಅಕ್ಕ, ಮೊದ್ಲು ಗಂಗಾಪೂಜೆ ವಿಷಯ ಹೇಳ್ತೀನಿ, ಯಾಕಂದ್ರೆ ಹೊಸ ಪ್ಲೇಯರ್ ತಂದು ಅಲ್ಲೇ ನಿಂತ್ರೆ ನನ್ನ ಬಯ್ತೀರ. ಡಿಸ್ಕ್ ಓದೋದು ಮಧ್ಯದಿಂದ ಹೊರಗಡೆಗೆ. ಮದ್ವೆಲಿ ಗಂಗಾಪೂಜೆ ಕೊನೆಗೆ ಬರತ್ತೆ, ಅಂದ್ರೆ ಡಿಸ್ಕಿನ ಅಂಚಲ್ಲಿ ಇರತ್ತೆ. ನಾವು ಬೆರಳಿಡೋದೂ ಅಲ್ಲೇ, ಡಿಸ್ಕ್ ಸ್ವಲ್ಪ ಸೊಟ್ಟ ಆದ್ರೆ ಅಲ್ಲಾಡೋದೂ ಅಲ್ಲೇ. ಶುರುವಿಂದಾನೇ ಎಲ್ಲಾ ಡಿಸ್ಕೂ ತಕರಾರು ಮಾಡಿದ್ರೆ ಲೆನ್ಸ್ ಮೇಲೆ ಡೌಟು, ಒಂದೇ ಡಿಸ್ಕು ಕೊನೇಲಿ ಮಾತ್ರ ನಿಂತ್ರೆ ಆ ಡಿಸ್ಕ್ ಮೇಲೆ ಡೌಟು. ಮೆತ್ತಗಿನ ಹತ್ತಿ ಬಟ್ಟೆ ಒದ್ದೆ ಮಾಡಿ ಮಧ್ಯದಿಂದ ಅಂಚಿಗೆ ನೇರ ಎಳೆದು ಒರೆಸಿ. ದೋಸೆ ಹುಯ್ದ ಹಾಗೆ ಸುತ್ತ ತಿರುಗಿಸ್ಬೇಡಿ, ಆ ಗೀರು ಡೇಟಾ ಹೋಗೋ ದಿಕ್ಕಲ್ಲೇ ಬಿದ್ದು ಒಂದೇ ಕಡೆ ತುಂಬ ಹೊತ್ತಿಂದು ಹೋಗತ್ತೆ. ಟೂತ್‌ಪೇಸ್ಟ್ ಹಾಕೋದು ಬೇಡವೇ ಬೇಡ.

ಇನ್ನು ಯಾವ್ದು ತಗೊಳ್ಳೋದು ಅಂದ್ರೆ, ಈಗ ಅಂಗಡೀಲಿ ಆಯ್ಕೆ ತುಂಬ ಇಲ್ಲ. ಎಚ್‌ಡಿಎಂಐ ಇರೋ ಸಾದಾ ಪ್ಲೇಯರ್ ಸಾಕು, ನಿಮ್ಮ ಬಜೆಟ್ಟಲ್ಲೇ ನೋಡಿ. ಬಾಕ್ಸ್ ಮೇಲೆ 1080ಪಿ ಅಪ್‌ಸ್ಕೇಲಿಂಗ್ ಅಂತ ದೊಡ್ಡದಾಗಿ ಬರೆದಿರತ್ತೆ, ಅದಕ್ಕೆ ಅಂತ ಸಾವಿರ ಜಾಸ್ತಿ ಕೊಡ್ಬೇಡಿ. ನಮ್ಮ ಕಡೆ ಡಿವಿಡಿಲಿ ಇರೋದೇ 720 ಬೈ 576 ಚುಕ್ಕಿ (ಪಿಕ್ಸೆಲ್), ವಿಸಿಡಿಲಿ ಬರೀ 352 ಬೈ 288. ಅದನ್ನ ಹಿಗ್ಗಿಸಬಹುದು ಅಷ್ಟೇ, ಇಲ್ಲದ್ದನ್ನ ತರಕ್ಕಾಗಲ್ಲ. ದೊಡ್ಡ ಟಿವಿಲಿ ವಿಸಿಡಿ ಹಾಕಿದ್ರೆ ಮುಖ ಮಸುಕಾಗೇ ಕಾಣತ್ತೆ, ಅದಕ್ಕೆ ಪ್ಲೇಯರ್ ಬಯ್ದು ಪ್ರಯೋಜನ ಇಲ್ಲ.

ಒಂದು ಕೆಲಸ ಮಾಡಿ, ತಗೊಳ್ಳಕ್ಕೆ ಹೋಗೋವಾಗ ನಿಮ್ಮ ಡಬ್ಬದಲ್ಲಿ ಅತಿ ಕೆಟ್ಟದಾಗಿರೋ ಡಿಸ್ಕ್ ತಗೊಂಡೋಗಿ. ಅಂಗಡಿಯವ್ರು ಹೊಸ ಡಿಸ್ಕ್ ಹಾಕಿ ತೋರಿಸ್ತಾರೆ, ಅದು ಎಲ್ಲದ್ರಲ್ಲೂ ಓಡತ್ತೆ. ಮದ್ವೆ ಡಿಸ್ಕು ಸ್ಟುಡಿಯೋದವ್ರು ಬರೆದದ್ದು, ಕಂಪನಿ ಡಿಸ್ಕ್ ತರ ಅಚ್ಚು ಹಾಕಿದ್ದಲ್ಲ, ಒಳಗೆ ಬಣ್ಣದ ಪದರ ಸುಟ್ಟು ಬರೆದಿರೋದು, ಲೆನ್ಸಿಗೆ ಅದನ್ನ ಓದೋದು ಕಷ್ಟ. ಅದು ಓಡಿದ್ರೆ ಕಣ್ಣು ಮುಚ್ಚಿ ತಗೊಳ್ಳಿ.

ಕಾಮೆಂಟ್ (ಸೋಮವಾರಪೇಟೆ):
ನಾವು ಎರಡು ವರ್ಷದ ಹಿಂದೆ ತಗೊಂಡ್ವಿ, ಎಚ್‌ಡಿಎಂಐದೇ, 2700 ಕೊಟ್ವಿ. ಪಿಕ್ಚರ್ ಪರವಾಗಿಲ್ಲ, ಸೌಂಡು ಟಿವಿದೇ ಬರತ್ತಲ್ಲ. ಡಬ್ಬ ಮಾತ್ರ ತೀರಾ ಹಗುರ ಮಾರಾಯ್ರೆ, ಟ್ರೇ ಗುಂಡಿ ಒತ್ತಿದ್ರೆ ಪ್ಲೇಯರೇ ಹಿಂದಕ್ಕೆ ಸರಿಯತ್ತೆ. ರಿಮೋಟು ಆರು ತಿಂಗಳಿಗೆ ಹೋಯ್ತು. ಇನ್ನೊಂದು, ಮಗ ಮೊಬೈಲಲ್ಲಿ ತೆಗೆದ ವಿಡಿಯೋ ಪೆನ್‌ಡ್ರೈವಿಗೆ ಹಾಕಿ ಚುಚ್ಚಿದ್ರೆ ಒಂದೂ ಓಡಲ್ಲ. ಬಾಕ್ಸ್ ಮೇಲೆ ಯುಎಸ್‌ಬಿ ಅಂತ ಬರೆದಿದ್ದಾರೆ, ಮೋಸ ಅಲ್ವಾ ಇದು?

ಉತ್ತರ (ರಿಪೇರಿ ಅಂಗಡಿ):
ಮೋಸ ಅಂತಲ್ಲ ಸರ್. ಇದ್ರೊಳಗಿನ ಚಿಪ್ಪು ಹಳೇ ಕಾಲದ್ದು, ಡಿವಿಡಿ ಓಡೋ ಎಂಪೆಗ್-2, ಆಮೇಲೆ ಡಿವ್‌ಎಕ್ಸ್ ಎಕ್ಸ್‌ವಿಡ್ ಅನ್ನೋ ಹಳೇ ವಿಡಿಯೋ ಫಾರ್ಮ್ಯಾಟ್ ಅಷ್ಟೇ ಗೊತ್ತು ಅದಕ್ಕೆ. ಮೊಬೈಲ್ ವಿಡಿಯೋ ಎಚ್.264 ಇರತ್ತೆ, ಇನ್ನೂ ಹೊಸ ಫೋನಾದ್ರೆ 265. ಪೆನ್‌ಡ್ರೈವ್ ಪ್ಲೇಯರ್ ಬಿಟ್ಟು ಟಿವಿಗೇ ಹಾಕಿ, ಓಡತ್ತೆ. ರಿಮೋಟ್ ನಮ್ಮಲ್ಲಿ ತಿಂಗಳಿಗೆ ಹತ್ತಾದ್ರೂ ಬರತ್ತೆ, ಮುಕ್ಕಾಲು ಪಾಲು ಸೆಲ್ಲು ನೀರೊಡೆದು ಸ್ಪ್ರಿಂಗಿಗೆ ಹಸಿರು ಹಿಡಿದಿರೋದೇ. ವಿನಿಗರ್ ಹಚ್ಚಿ ಉಜ್ಜಿ ನೋಡಿ.

ಕಾಮೆಂಟ್ (ಕುಶಾಲನಗರ):
ಹೊಸದ್ಯಾಕೆ ಅಕ್ಕ, ನಾನು ಸೆಕೆಂಡ್ ಹ್ಯಾಂಡ್ 600ಕ್ಕೆ ತಂದೆ, ನಾಲ್ಕು ತಿಂಗಳಿಗೆ ನೋ ಡಿಸ್ಕ್ ಅಂತು. ಯೂಟ್ಯೂಬ್ ನೋಡಿ ಲೆನ್ಸ್ ತರಿಸಿ ನಾನೇ ಹಾಕ್ದೆ, ಈಗ್ಲೂ ನೋ ಡಿಸ್ಕ್ ಅಂತಾನೇ ಅನ್ನತ್ತೆ. ಡೂಪ್ಲಿಕೇಟ್ ಲೆನ್ಸ್ ಕೊಟ್ರು ಅನ್ಸತ್ತೆ.

ಉತ್ತರ (ರಿಪೇರಿ ಅಂಗಡಿ):
ನಿಲ್ಲಿ, ಬಿಸಾಕ್ಬೇಡಿ. ಕೆಎಚ್‌ಎಂ-313 ಲೆನ್ಸಾ? ಹಾಗಿದ್ರೆ ಅದ್ರ ಹಿಂದೆ ಸಣ್ಣ ಹಸಿರು ಬೋರ್ಡಲ್ಲಿ ಎರಡು ಪಾಯಿಂಟ್ ಸೇರಿಸಿ ಒಂದು ಹನಿ ಸೀಸ ಇದೆಯಾ ನೋಡಿ, ಸಾಸಿವೆ ಕಾಳಷ್ಟು. ನಮ್ಮ ಕೈಯಿಂದ ಸ್ಟ್ಯಾಟಿಕ್ ಕರೆಂಟ್ ಹೊಡೆದು ಲೇಸರ್ ಸಾಯಬಾರದು ಅಂತ ಫ್ಯಾಕ್ಟರೀಲೇ ಶಾರ್ಟ್ ಮಾಡಿ ಕಳಿಸಿರ್ತಾರೆ. ಪಟ್ಟಿ ಕೇಬಲ್ ಸಿಕ್ಕಿಸಿದ ಮೇಲೆ ಆ ಹನಿ ಬಿಡಿಸ್ಬೇಕು, ಬಿಡಿಸ್ದೇ ಇದ್ರೆ ಲೇಸರ್ ಹೊತ್ತೋದೇ ಇಲ್ಲ. ನಾನು ಕೆಲಸ ಕಲಿಯೋವಾಗ ಇದೇ ತಪ್ಪಿಗೆ ಒಂದಲ್ಲ, ಮೂರು ಲೆನ್ಸ್ ವಾಪಸ್ ಕಳಿಸಿ ಅಂಗಡಿಯವ್ರ ಹತ್ರ ಜಗಳ ಆಡಿದ್ದೀನಿ. ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸ ಇಲ್ಲ ಅಂದ್ರೆ ತಗೊಂಬನ್ನಿ, ಎರಡು ನಿಮಿಷದ ಕೆಲಸ.

ಕಾಮೆಂಟ್ (ಮಡಿಕೇರಿ):
ಇಲ್ಲೇ ಒಂದು ಕೇಳ್ತೀನಿ. 2018ರ ಆಗಸ್ಟಲ್ಲಿ ನಮ್ಮ ಮನೇಗೆ ಕೆಸರು ನುಗ್ಗಿತ್ತು, ಡಿಸ್ಕೆಲ್ಲ ತೊಳೆದು ಒಣಗಿಸಿ ಇಟ್ವಿ. ಡಿವಿಡಿ ಓಡ್ತಿದೆ, ವಿಸಿಡಿ ಎಲ್ಲ ಹೋಯ್ತು. ಎರಡೂ ಒಂದೇ ಕೆಸರಲ್ಲಿ ಬಿದ್ದಿದ್ದು. ಯಾಕೆ?

ಉತ್ತರ (ರಿಪೇರಿ ಅಂಗಡಿ):
ವಿಸಿಡಿಲಿ ಬೆಳ್ಳಿ ಬಣ್ಣದ ಪದರ ಇರೋದು ಮೇಲ್ಗಡೆ, ಹೆಸರು ಪ್ರಿಂಟ್ ಮಾಡಿರ್ತಾರಲ್ಲ ಅದ್ರ ಕೆಳಗೇ. ನೀರು ಸೇರಿ ಪ್ರಿಂಟ್ ಎದ್ರೆ ಆ ಪದರನೂ ಜೊತೆಗೆ ಎದ್ದು ಬರತ್ತೆ. ಡಿವಿಡಿಲಿ ಎರಡು ಪ್ಲಾಸ್ಟಿಕ್ ಹಾಳೆ, 0.6 ಮಿಲಿಮೀಟರಿಂದು ಒಂದೊಂದು, ಪದರ ಅದ್ರ ಮಧ್ಯ. ಅದಕ್ಕೇ ಉಳೀತು. ಉಳಿದಿರೋದನ್ನ ತಡ ಮಾಡ್ದೇ ಕಾಪಿ ಮಾಡ್ಸಿ.

ಪ್ರಶ್ನೆ ಕೇಳಿದವರು:
ಅಣ್ಣ ತುಂಬ ಥ್ಯಾಂಕ್ಸ್. ಅತ್ತೆ ಹೇಳ್ತಾರೆ ಪ್ಲೇಯರ್ ಅಡಿಗೆ ಮನೆ ಗೋಡೆ ಪಕ್ಕ ಇಡಿ, ಒಲೆ ಬಿಸಿಗೆ ಥಂಡಿ ಹಿಡಿಯಲ್ಲ ಅಂತ. ಕಕ್ಕಡ ತಿಂಗಳ ಜೋರು ಮಳೇಲಿ ನಮ್ಮನೇಲಿ ಚಪ್ಪಲಿ ಬೆಲ್ಟಿಗೂ ಬೂಷ್ಟು ಬರತ್ತೆ. ಇಡಬಹುದಾ?

ಉತ್ತರ (ರಿಪೇರಿ ಅಂಗಡಿ):
ಅತ್ತೆ ಹೇಳಿದ್ರಲ್ಲಿ ಅರ್ಧ ಸರಿ. ಬಿಸಿ ಒಳ್ಳೇದು, ಹೊಗೆ ಒಳ್ಳೇದಲ್ಲ. ಸೌದೆ ಹೊಗೆ ಲೆನ್ಸ್ ಮೇಲೆ ಎಣ್ಣೆ ಜಿಡ್ಡಿನ ತರ ಕೂರತ್ತೆ, ನಿಮ್ಮ ಹಳೇ ಪ್ಲೇಯರಿಗೂ ಅದೇ ಆಗಿರ್ಬಹುದು, ಬಿಸಾಕೋ ಮುಂಚೆ ಒಂದ್ಸಲ ತನ್ನಿ, ಒರೆಸಿ ನೋಡೋಣ. ಮಣ್ಣು ಗೋಡೆಗೆ ಒತ್ತಿ ಇಡ್ಬೇಡಿ, ಒಂದು ಗೇಣು ಮುಂದಕ್ಕೆ ಇಡಿ. ಮಳೆಗಾಲದಲ್ಲಿ ಎರಡು ದಿನಕ್ಕೊಂದ್ಸಲ ಅರ್ಧ ಗಂಟೆ ಓಡ್ಸಿ, ಅದ್ರ ಬಿಸಿಗೇ ಒಳಗಿನ ಪಸೆ ಆರತ್ತೆ. ಮಾವ ಇದ್ದಾರಲ್ಲ, ಆ ಕೆಲಸ ಅವ್ರೇ ಖುಷಿಯಾಗಿ ಮಾಡ್ತಾರೆ. ಏಪ್ರಿಲ್ ಮೇ ಗುಡುಗು ಮಳೆಗೆ ಮಾತ್ರ ಪ್ಲಗ್ ಕೀಳಿ, ಡಿಶ್ ವೈರೂ ಕೀಳಿ. ಸಿಡಿಲು ಡಿಶ್ ವೈರಲ್ಲಿ ಬಂದು ಸೆಟ್‌ಟಾಪ್ ಬಾಕ್ಸ್ ದಾಟಿ ಟಿವಿ ಎಚ್‌ಡಿಎಂಐ ಸುಟ್ಟು ಹಾಕಿರೋದು ಪ್ರತಿ ವರ್ಷ ಬರತ್ತೆ ನಮ್ಮಲ್ಲಿಗೆ.

ಕಾಮೆಂಟ್ (ವಿರಾಜಪೇಟೆ):
ಎಚ್‌ಡಿಎಂಐ ಇಲ್ದೇ ಇರೋ ಹಳೇ ಪ್ಲೇಯರಿಗೆ 300 ರೂಪಾಯಿ ಕನ್ವರ್ಟರ್ ಸಿಗತ್ತೆ ಅಕ್ಕ. ನಾನು ತಂದೆ, ಕೆಲಸ ಮಾಡ್ಲಿಲ್ಲ ಅದು ಬೇರೆ ಮಾತು.

ಉತ್ತರ (ರಿಪೇರಿ ಅಂಗಡಿ):
ಉಲ್ಟಾ ತಂದಿರ್ತೀರ! ಎಚ್‌ಡಿಎಂಐ ಟು ಎವಿ (ಆ ಕೆಂಪು ಬಿಳಿ ಹಳದಿ ಪಿನ್ನಿಂದು) ಬೇರೆ, ಎವಿ ಟು ಎಚ್‌ಡಿಎಂಐ ಬೇರೆ, ಡಬ್ಬ ನೋಡಕ್ಕೆ ಅಣ್ಣ ತಮ್ಮ ತರ. ನಿಮಗೆ ಬೇಕಿದ್ದು ಎರಡನೇದು. ನಾಪೋಕ್ಲು ಅಕ್ಕಂಗೆ ಅದೂ ಬೇಡ, ಟಿವಿ ಹಿಂದಿನ ಸಣ್ಣ ತೂತಿನ ಪಕ್ಕ ಎವಿ ಅಂತ ಬರೆದಿದ್ರೆ ಒಂದು ಕಡೆ ಇಯರ್ ಫೋನ್ ತರದ ಪಿನ್, ಇನ್ನೊಂದು ಕಡೆ ಮೂರು ಬಣ್ಣದ ಪಿನ್ ಇರೋ ವೈರ್ ಸಾಕು. ವೈರ್ ಹಾಕಿದ್ಮೇಲೆ ಚಿತ್ರ ಬರ್ದೇ ಸ್ಪೀಕರಲ್ಲಿ ಗುಂಯ್ ಅಂತ ಸದ್ದು ಬಂದ್ರೆ ಗಾಬರಿ ಆಗ್ಬೇಡಿ, ಒಳಗಿನ ಜೋಡಣೆ ಒಂದೊಂದು ವೈರಲ್ಲಿ ಒಂದೊಂದು ತರ. ಪ್ಲೇಯರ್ ಹಿಂದೆ ಹಳದಿ ಕೆಂಪು ಅದಲು ಬದಲು ಮಾಡಿ ನೋಡಿ.

ಪ್ರಶ್ನೆ ಕೇಳಿದವರು (ಹತ್ತು ದಿನ ಬಿಟ್ಟು):
ಅಣ್ಣ, ನೀವು ಲೆನ್ಸ್ ಒರೆಸಿ ಕೊಟ್ಟ ಹಳೇದನ್ನೇ ಹಾಕಿದ್ವಿ, ಹೊಸದು ತಗೊಂಡಿಲ್ಲ. ಗುಂಯ್ ಅಂತು, ಹಳದಿ ತೆಗೆದು ಕೆಂಪಲ್ಲಿ ಹಾಕ್ದೆ, ಬಂತು. ಗಂಗಾಪೂಜೆಲಿ ಈಗ ಒಂದೇ ಕಡೆ ನಿಲ್ಲತ್ತೆ, ನಮ್ಮ ಚಿಕ್ಕಮಾವ ದಾರಿಗೆ ಅಡ್ಡ ಕುಣೀತಾರಲ್ಲ ಅಲ್ಲಿ. ಅವ್ರು ನಿಜವಾಗ್ಲೂ ಅವತ್ತು ಮುಕ್ಕಾಲು ಗಂಟೆ ದಾರಿ ಬಿಟ್ಟಿರ್ಲಿಲ್ಲ, ಡಿಸ್ಕಲ್ಲೂ ಬಿಡ್ತಿಲ್ಲ ಅಂತ ಮಾವ ನಗ್ತಿದ್ದಾರೆ.

ಉತ್ತರ (ರಿಪೇರಿ ಅಂಗಡಿ):
ಆ ಡಿಸ್ಕ್ ತನ್ನಿ ಅಕ್ಕ, ಅಂಗಡಿ ಕಂಪ್ಯೂಟರಲ್ಲಿ ನಿಧಾನಕ್ಕೆ ಓದ್ಸಿ ಪೆನ್‌ಡ್ರೈವಿಗೆ ಹಾಕ್ಕೊಡ್ತೀನಿ. 8 ಜಿಬಿದು ಸಾಕು, ಡಿಸ್ಕಲ್ಲಿ 4.7ಕ್ಕಿಂತ ಜಾಸ್ತಿ ಇರಲ್ಲ. ಮಂಗಳವಾರ ಅಂಗಡಿ ರಜ.