ಎಂಟು ಜನ, ನಾಲ್ಕು ವೈಟ್ ವೈನ್, ಮಂಗಳೂರು ಅಡುಗೆ: ಮಾಡಿ ನೋಡಿದವರು ಹೇಳಿ

ಕೇಳಿದವರು, ಜಯನಗರ
ಮುಂದಿನ ಶನಿವಾರ ರಾತ್ರಿ ಹಳೇ ಸ್ನೇಹಿತರು ಊಟಕ್ಕೆ ಬರ್ತಿದ್ದಾರೆ, ನಮ್ಮನ್ನೂ ಸೇರಿಸಿ ಎಂಟು ಜನ. ನಾಲ್ಕು ಬಗೆಯ ವೈಟ್ ವೈನ್ ತಂದು ಒಂದೊಂದಾಗಿ ರುಚಿ ನೋಡೋಣ ಅಂತ ಆಸೆ. ಅಡುಗೆ ನಮ್ಮ ಅತ್ತೆ ಕಡೆಯದು: ಕಾಣೆ ಮೀನಿನ ರವಾ ಫ್ರೈ, ನೀರು ದೋಸೆ, ಕೋರಿ ಗಸಿ (ಖಾರದ ಕೋಳಿ ಸಾರು). ಇಬ್ಬರು ಸಸ್ಯಾಹಾರಿಗಳು. ಯಾವ ವೈನ್, ಎಷ್ಟು, ಯಾವುದರ ನಂತರ ಯಾವುದು?

ಮಲ್ಲೇಶ್ವರದಿಂದ
ಮೇಡಂ, ವರ್ಷಕ್ಕೆ ಎರಡು ಮೂರು ಸಲ ನಮ್ಮ ಮನೆಯಲ್ಲಿ ಇದು ನಡೆಯುತ್ತೆ. ಯಾವ ಬಾಟಲಿ ಅನ್ನೋದಕ್ಕಿಂತ ಮೊದಲು ಎಷ್ಟು ತಣ್ಣಗಿರಬೇಕು ಅನ್ನೋದನ್ನು ನೋಡ್ಕೊಳ್ಳಿ. ಮೊದಲ ಸಲ ನಾನು ಬಾಟಲಿಗಳನ್ನು ಇಡೀ ದಿನ ಫ್ರಿಡ್ಜ್‌ನಲ್ಲಿಟ್ಟು, ತೆಗೆದ ಕೂಡಲೇ ಸುರಿದೆ. ನಾಲ್ಕೂ ಒಂದೇ ಥರ. ಹಲ್ಲು ಜುಮ್ಮೆನ್ನೋ ತಣ್ಣಗೆ, ಹುಳಿ ಹುಳಿ, ಪರಿಮಳವೇ ಇಲ್ಲ. ಅರ್ಧ ಗಂಟೆ ಆದ ಮೇಲೆ ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಮೂಸಿದ ಗೆಳತಿಯೊಬ್ಬಳು "ಅಯ್ಯೋ, ಇದರಲ್ಲಿ ಸೀಬೆಹಣ್ಣು ಇದೆಯಲ್ರೀ" ಅಂದಳು. ಫ್ರಿಡ್ಜ್ ಒಳಗೆ 4 ಡಿಗ್ರಿ ಆಸುಪಾಸು ಇರುತ್ತೆ. ವೈಟ್ ವೈನಿನ ಪರಿಮಳ ಬಿಚ್ಚಿಕೊಳ್ಳೋದು 8ರಿಂದ 12 ಡಿಗ್ರಿಯಲ್ಲಿ. ಈಗ ಸುರಿಯೋದಕ್ಕೆ 15-20 ನಿಮಿಷ ಮೊದಲೇ ಹೊರಗೆ ತೆಗೆದಿಡ್ತೀನಿ. ಓಕ್ ಮರದ ಪೀಪಾಯಿಯಲ್ಲಿಟ್ಟ ಶಾರ್ಡನೇ (ಅದೂ ಒಂದು ಬಗೆಯ ವೈಟ್ ವೈನ್) ಆದರೆ ಇನ್ನೂ ಸ್ವಲ್ಪ ಹೊತ್ತು. ತಣ್ಣಗಿಡೋದು ಮರೆತುಹೋದರೆ ಬಕೆಟ್ಟಿಗೆ ಐಸು, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ. ನೀರು ಬಾಟಲಿಯ ಮೈಗೆಲ್ಲ ತಾಕೋದರಿಂದ ಬರೀ ಐಸಿಗಿಂತ ಬೇಗ ತಣಿಯುತ್ತೆ.

ಒಂದು ಬಾಟಲಿಯಲ್ಲಿ 750 ಮಿ.ಲೀ. ಇರುತ್ತೆ. ಒಬ್ಬೊಬ್ಬರಿಗೆ 50 ಮಿ.ಲೀ. ಸುರಿದರೆ ಎಂಟು ಜನಕ್ಕೆ 400, ಉಳಿದದ್ದು ಊಟಕ್ಕೆ. ಸಿಹಿ ಇಲ್ಲದ್ದು, ಹಗುರವಾದದ್ದು ಮೊದಲು, ಸಿಹಿಯದು ಕೊನೆಗೆ. ಅಂದರೆ ಸೊವಿನ್ಯಾನ್ ಬ್ಲಾಂಕ್, ಆಮೇಲೆ ವಿಯೊನಿಯೆ, ಶಾರ್ಡನೇ, ಕೊನೆಗೆ ಸ್ವಲ್ಪ ಸಿಹಿ ಇರೋ ಶೆನಿನ್ ಬ್ಲಾಂಕ್.

ಇನ್ನೊಂದು. ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ, ಮೇಲೆ 1, 2, 3, 4 ಅಂತ ಬರೆದುಬಿಡಿ. ಹೆಸರು, ಬೆಲೆ ಗೊತ್ತಾದರೆ ಜನ ತಮ್ಮ ಮೂಗನ್ನು ನಂಬೋದು ಬಿಟ್ಟುಬಿಡ್ತಾರೆ. ನಮ್ಮಲ್ಲಿ ಅವತ್ತೇ ಮೊದಲ ಸಲ ವೈನ್ ಮುಟ್ಟಿದ ಸ್ನೇಹಿತರೊಬ್ಬರು ಒಂದನೇ ಗ್ಲಾಸು ಮೂಸಿ, "ಹಸಿ ದೊಣ್ಣೆ ಮೆಣಸಿನಕಾಯಿ ಕೊಯ್ದ ಹಾಗಿದೆ, ತಪ್ಪಾದರೆ ಕ್ಷಮಿಸಿ" ಅಂದರು. ಅದು ಸೊವಿನ್ಯಾನ್ ಬ್ಲಾಂಕ್. ದೊಣ್ಣೆ ಮೆಣಸಿನಕಾಯಿಗೆ ಆ ವಾಸನೆ ಕೊಡುವ ಪದಾರ್ಥವೇ ಆ ದ್ರಾಕ್ಷಿಯಲ್ಲೂ ಇರುತ್ತೆ. ಎಂಟು ಜನರಲ್ಲಿ ಸರಿಯಾಗಿ ಹೇಳಿದ್ದು ಅವರೊಬ್ಬರೇ.

ಮಂಗಳೂರಿನಿಂದ
ಅಡುಗೆಯ ವಿಷಯ ನಾನು ಹೇಳ್ತೇನೆ. ಕಾಣೆ ಫ್ರೈಗೆ ನಾವು ಲಿಂಬೆ ಹಿಂಡುವುದಿಲ್ಲವಾ, ಸೊವಿನ್ಯಾನ್ ಬ್ಲಾಂಕಿನ ಹುಳಿ ಅದೇ ಕೆಲಸ ಮಾಡ್ತದೆ. ಗಸಿಯ ಹತ್ತಿರ ಮಾತ್ರ ಜಾಗ್ರತೆ. ಆಲ್ಕೋಹಾಲ್ ಜಾಸ್ತಿ ಇರುವ, ಸಿಹಿ ಇಲ್ಲದ ವೈನ್ ಕುಡಿದರೆ ಬ್ಯಾಡಗಿ ಮೆಣಸು ಕೂಡ ಬಾಯಿ ಉರಿಸ್ತದೆ. ಅದಕ್ಕೆ ಸಿಹಿಯ ಶೆನಿನ್ ಬ್ಲಾಂಕೇ ಸರಿ. ಸಸ್ಯಾಹಾರಿಗಳಿಗೆ ತೊಂಡೆಕಾಯಿ, ಹಸಿ ಗೇರುಬೀಜದ ಉಪ್ಕರಿ ಮಾಡಿ ವಿಯೊನಿಯೆ ಕೊಡಿ. ಗೇರುಬೀಜದ ಆ ಹಾಲಿನಂಥ ಸಿಹಿಗೂ ಆ ವೈನಿಗೂ ಒಳ್ಳೆ ಹೊಂದಿಕೆ. ರುಚಿ ನೋಡುವುದೆಲ್ಲ ಮುಗಿದ ಮೇಲೇ ಗಸಿ ಬಡಿಸಿ, ಇಲ್ಲದಿದ್ದರೆ ನಾಲಿಗೆಗೆ ಬೇರೇನೂ ಗೊತ್ತಾಗುವುದಿಲ್ಲ.

ಮೈಸೂರಿನಿಂದ
ಅವತ್ತು ಸಂಜೆ ಊದುಬತ್ತಿ ಬೇಡ. ಮಲ್ಲಿಗೆ ಹೂವನ್ನೂ ಊಟದ ಕೋಣೆಯಿಂದ ದೂರ ಇಡಿ. ನಮ್ಮ ಮನೆಯಲ್ಲಿ ಎಲ್ಲರೂ ವೈನಿನಲ್ಲಿ ಮಲ್ಲಿಗೆ ಪರಿಮಳ ಇದೆ ಅಂತ ಒಪ್ಪಿಕೊಂಡಿದ್ದೆವು. ಹೂವಿನ ಬುಟ್ಟಿ ಮೇಜಿನ ಕೆಳಗೇ ಇತ್ತು.

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ
ಸಿಕ್ಕಿದರೆ ಇಲ್ಲಿಯ ವೈಟ್ ವೈನ್ ರೀಸ್ಲಿಂಗ್ ಒಂದು ತನ್ನಿ. ಲೇಬಲ್ ಮೇಲೆ 'ಟ್ರೋಕನ್' ಅಂತಿದ್ದರೆ ಸಿಹಿ ಇಲ್ಲದ್ದು. 'ಕಾಬಿನೆಟ್' ಅಂತಿದ್ದು ಆಲ್ಕೋಹಾಲ್ ಶೇ. 8-9ರಷ್ಟೇ ಇದ್ದರೆ ಸಾಮಾನ್ಯವಾಗಿ ಸಿಹಿ ಉಳಿದಿರುತ್ತೆ, ಹುಳಿಯೂ ಚೆನ್ನಾಗಿರುತ್ತೆ. ಇಲ್ಲಿ ನಾವು ಕನ್ನಡದವರು ಸೇರಿದಾಗ ಹುಣಸೆಹಣ್ಣಿನ ಅಡುಗೆಗೆ ಅದನ್ನೇ ತೆಗೆಯೋದು. ಊಟಕ್ಕಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆ ಅನ್ನಿಸುತ್ತೆ.

ದೊಡ್ಡಬಳ್ಳಾಪುರದಿಂದ
ನಮ್ಮ ಕಡೆ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸ್ತಾರೆ, ಬೇಸಿಗೆ ಶುರುವಿನಲ್ಲಿ ಒಮ್ಮೆ, ಮಳೆ ಹಿಂದೆ ಸರಿಯುವಾಗ ಇನ್ನೊಮ್ಮೆ. ವೈನ್ ದ್ರಾಕ್ಷಿ ಕೊಯ್ಲಿಗೆ ಬರೋದು ಜನವರಿಯಿಂದ ಮಾರ್ಚ್. ನಂದಿ ತಪ್ಪಲಿನ ತೋಟಗಳಲ್ಲಿ ಒಂದು ಹೋಗಿ ನೋಡಿ ಬನ್ನಿ, ಬಾಟಲಿಯ ಬಗ್ಗೆ ಮಾತಾಡೋಕೆ ನಿಮಗೇ ವಿಷಯ ಸಿಗುತ್ತೆ. ಅಂಗಡಿಯಲ್ಲಿ ಕೊಳ್ಳುವಾಗ ಲೇಬಲ್ ಮೇಲಿನ ವರ್ಷ ನೋಡಿ. ನಮ್ಮ ಸೊವಿನ್ಯಾನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಎಳೆಯದಿದ್ದಾಗಲೇ ಚೆಂದ. ಬಿಸಿಲು ಬೀಳೋ ಗಾಜಿನ ಕಪಾಟಿನಲ್ಲಿ ನಿಂತ ಬಾಟಲಿ ಬೇಡ ಅನ್ನಿ, ಒಳಗಿಂದ ಬೇರೆ ಕೇಳಿ.

ಕೇಳಿದವರು, ಭಾನುವಾರ
ಎಲ್ಲರಿಗೂ ತುಂಬಾ ಧನ್ಯವಾದ. ಪೇಪರ್ ಸುತ್ತಿದ್ದು ಬಹಳ ಚೆನ್ನಾಗಿ ಕೆಲಸ ಮಾಡಿತು. ಎಂಟರಲ್ಲಿ ಐದು ಜನ ಮೆಚ್ಚಿದ್ದು ಎಲ್ಲಕ್ಕಿಂತ ಕಡಿಮೆ ಬೆಲೆಯ ನಾಲ್ಕನೆಯದನ್ನು, ಶೆನಿನ್ ಬ್ಲಾಂಕ್. ಗಸಿ ಬಂದ ಮೇಲಂತೂ ಅದೇ ಮೊದಲು ಖಾಲಿ. ಉಪ್ಕರಿಗೆ ವಿಯೊನಿಯೆ ಹೇಳಿದ ಮಂಗಳೂರಿನವರಿಗೆ ನಮ್ಮ ಅತ್ತೆಯೂ ನಮಸ್ಕಾರ ಹೇಳಿದ್ದಾರೆ. ಶಾರ್ಡನೇ ಅರ್ಧ ಬಾಟಲಿ ಉಳಿದಿದೆ, ಎಷ್ಟು ದಿನ ಇಡಬಹುದು?

ಮಲ್ಲೇಶ್ವರದಿಂದ
ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಡ್ಜ್‌ನಲ್ಲಿ ನಿಲ್ಲಿಸಿಡಿ, ಮೂರು ದಿನ ಚೆನ್ನಾಗಿರುತ್ತೆ. ಬುಧವಾರದೊಳಗೆ ಮುಗಿಸಿ.