ಕತ್ತಿನ ಡಾಪ್ಲರ್ ಸ್ಕ್ಯಾನ್ ಮಾಡಿಸ್ಬೇಕಾ? ಹೃದ್ರೋಗ ತಜ್ಞೆ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯಿಂದ): ಮೇಡಂ ನಮಸ್ತೆ, ನಂಗೆ 44, ಶುಗರ್ ಇಲ್ಲ, ಬಿಪಿ ಬಾರ್ಡರ್‌ಲೈನ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 138. ನಮ್ಮಪ್ಪಂಗೆ 51ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಡಾಕ್ಟ್ರು ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿ ಅಂದ್ರು, ನಂಗೆ ಮನಸ್ಸಿಲ್ಲ. ಈಗ ಚೆಕಪ್ ಪ್ಯಾಕೇಜಲ್ಲಿ ಕತ್ತಿನ ರಕ್ತನಾಳದ ಸ್ಕ್ಯಾನ್ ಎಕ್ಸ್‌ಟ್ರಾ ದುಡ್ಡಿಗೆ ಮಾಡ್ತೀವಿ ಅಂತಿದಾರೆ. ಹಾರ್ಟ್ ವಿಷ್ಯ ಕತ್ತಲ್ಲಿ ಹೆಂಗೆ ಗೊತ್ತಾಗುತ್ತೆ?

ಉತ್ತರ: ನಮಸ್ತೆ. ಕತ್ತಿನ ರಕ್ತನಾಳ ಚರ್ಮದ ಕೆಳಗೇ ಇರುತ್ತೆ, ಜೆಲ್ ಹಚ್ಚಿ ಪ್ರೋಬ್ ಇಟ್ರೆ ಸಲೀಸಾಗಿ ಕಾಣ್ಸುತ್ತೆ, ಹಾರ್ಟಿನ ರಕ್ತನಾಳ ಹಂಗಲ್ಲ, ಒಳಗೆ ಬಡ್ಕೊಳ್ತಾ ಇರುತ್ತೆ. ಕೊಬ್ಬು ಕೂರೋ ಕಾಯಿಲೆ ಮಾತ್ರ ಎರಡೂ ಕಡೆ ಒಂದೇ, ಅದಕ್ಕೇ ಅಲ್ಲಿ ನೋಡೋದು.

ಎಲ್ರಿಗೂ ಬೇಡ. ಶುಗರ್ ಇರೋ 60 ವರ್ಷದೋರಿಗೆ ಸ್ಕ್ಯಾನ್ ಏನೇ ಹೇಳ್ಲಿ ಸ್ಟೇಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಕೊಡೋದೇ, ದುಡ್ಡು ದಂಡ. ರಿಸ್ಕ್ ತೀರಾ ಜಾಸ್ತಿನೂ ಅಲ್ಲ, ಕಮ್ಮಿನೂ ಅಲ್ಲ ಅನ್ನೋ ನಿಮ್ಮಂಥ ಮಧ್ಯದೋರಿಗೆ ಉಪಯೋಗ ಇದೆ. ಅಪ್ಪಂಗೆ 55ರ ಒಳಗೆ ಅಟ್ಯಾಕ್ ಆಗಿದ್ರೆ ಅದು ಲೆಕ್ಕಕ್ಕೆ ಬರುತ್ತೆ, ಅಮೆರಿಕದ 2018ರ ಕೊಲೆಸ್ಟ್ರಾಲ್ ಗೈಡ್‌ಲೈನಲ್ಲಿ ದಕ್ಷಿಣ ಏಷ್ಯಾ ಮೂಲದೋರು ಅನ್ನೋದನ್ನೂ ರಿಸ್ಕ್ ಹೆಚ್ಚಿಸೋ ಅಂಶ ಅಂತ ಬರ್ದಿದಾರೆ. ಇದ್ರ ಮೇಲೆ ಪ್ಲಾಕ್ (ರಕ್ತನಾಳದ ಗೋಡೇಲಿ ಕೂತಿರೋ ಕೊಬ್ಬಿನ ಗಡ್ಡೆ) ಬೇರೆ ಕಂಡ್ರೆ ಮಾತ್ರೆ ಬೇಡ ಅನ್ನೋ ವಾದಕ್ಕೆ ಜಾಗ ಇಲ್ಲ.

ಸ್ವೀಡನ್ನಿನ ವೆಸ್ಟರ್‌ಬೊಟನ್‌ನಲ್ಲಿ 3532 ಜನಕ್ಕೆ ಈ ಸ್ಕ್ಯಾನ್ ಮಾಡಿ, ಅರ್ಧ ಜನಕ್ಕೆ ಮಾತ್ರ ಅವರ ರಕ್ತನಾಳದ ಚಿತ್ರನ ಕೆಂಪು-ಹಳದಿ-ಹಸಿರು ಬಣ್ಣದ ಪಟ್ಟಿ ಜೊತೆ ತೋರ್ಸಿದ್ರು, ಆಮೇಲೆ ನರ್ಸ್ ಫೋನ್ ಮಾಡಿ ಮಾತಾಡಿದ್ರು. ವರ್ಷದ ಮೇಲೆ ನೋಡಿದ್ರೆ ಚಿತ್ರ ನೋಡಿದೋರ ರಿಸ್ಕ್ ಸ್ಕೋರ್ (ಮುಂದೆ ಹಾರ್ಟ್ ಕಾಯಿಲೆ ಬರೋ ಸಾಧ್ಯತೆಯ ಲೆಕ್ಕ) ಕಮ್ಮಿ ಇತ್ತು (ಲ್ಯಾನ್ಸೆಟ್, 2019). ಇಳಿದಿದ್ದು ಸ್ಕೋರ್, ಅಟ್ಯಾಕ್ ಸಂಖ್ಯೆ ಅಲ್ಲ, ಅದು ನೆನಪಿರ್ಲಿ. ಆದ್ರೂ ನಿಮ್ಮಂಗೆ ಮಾತ್ರೆಗೆ ಮನಸ್ಸಿಲ್ಲದೋರಿಗೆ ನಾನು ಮಾನಿಟರ್ ತಿರುಗಿಸಿ ತೋರಿಸ್ತೀನಿ, ನನ್ನ ಹತ್ತು ನಿಮಿಷದ ಭಾಷಣಕ್ಕಿಂತ ಅದು ನಾಟುತ್ತೆ.

ಪ್ರಶ್ನೆ (ಇನ್ನೊಬ್ರು): ನಂದು ಮಾಡ್ಸಿದೀನಿ ಮೇಡಂ, ಐಎಂಟಿ 0.9 ಎಂಎಂ, ವಯಸ್ಸಿಗಿಂತ ಜಾಸ್ತಿ, ಪ್ಲಾಕ್ ಇಲ್ಲ ಅಂತ ಬರ್ದಿದೆ. ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ನಿದ್ದೆ ಮಾಡಿ. ಐಎಂಟಿ ಅಂದ್ರೆ ಗೋಡೆ ದಪ್ಪ, ಅಳೆಯೋರ ಕೈ ಸ್ವಲ್ಪ ಓರೆಯಾದ್ರೂ 0.1 ಹೆಚ್ಚುಕಮ್ಮಿ ಆಗುತ್ತೆ. 2010ರಲ್ಲಿ ಅಮೆರಿಕದ ಹಾರ್ಟ್ ತಜ್ಞರ ಸಂಘದೋರೇ ಇದನ್ನ ಒಪ್ಪಿದ್ರು, 2013ಕ್ಕೆ ರೂಢಿಯಾಗಿ ಮಾಡ್ಬೇಡಿ ಅಂದ್ರು, ಯಾಕಂದ್ರೆ ಮಾಮೂಲಿ ರಿಸ್ಕ್ ಲೆಕ್ಕಕ್ಕಿಂತ ಹೆಚ್ಚೇನೂ ಹೇಳ್ಲಿಲ್ಲ ಅದು. ನೋಡ್ಬೇಕಾಗಿರೋದು ಪ್ಲಾಕ್, ಅಂದ್ರೆ ಗೋಡೆ ಒಂದು ಕಡೆ ಒಳಗೆ ಉಬ್ಬಿರೋದು, ಇಲ್ಲಾ 1.5 ಎಂಎಂ ದಾಟಿರೋದು. ಆರಾರು ತಿಂಗ್ಳಿಗೆ ರಿಪೀಟ್ ಮಾಡಿಸ್ಬೇಡಿ, ಬಿಪಿ, ಎಲ್‌ಡಿಎಲ್ ನೋಡ್ಕೊಳ್ಳಿ ಸಾಕು.

ಪ್ರಶ್ನೆ: ನಮ್ಮಮ್ಮಂಗೆ ಕತ್ತಿನ ಎಡಗಡೆ ರಕ್ತನಾಳದಲ್ಲಿ 20% ಬ್ಲಾಕ್ ಅಂತೆ, ಸ್ಟೆಂಟ್ ಹಾಕಿಸ್ಬೇಕಾ?

ಉತ್ತರ: ಇಲ್ಲಮ್ಮ. ಅಷ್ಟಕ್ಕೆ ಸ್ಟೆಂಟೂ ಇಲ್ಲ ಆಪರೇಷನ್ನೂ ಇಲ್ಲ, ಸ್ಟೇಟಿನ್, ಬಿಪಿ ಕಂಟ್ರೋಲ್, ಎಲೆಅಡಿಕೆ ಜೊತೆ ಹೊಗೆಸೊಪ್ಪು ಇದ್ರೆ ಅದು ಬಂದ್. ಆದ್ರೆ ಮಾತು ತೊದ್ಲೋದು, ಒಂದು ಕೈ ಸೋಲೋದು, ಬಾಯಿ ಸೊಟ್ಟ ಆಗೋದು ಸ್ಟ್ರೋಕ್ ಲಕ್ಷಣ, ಐದೇ ನಿಮಿಷಕ್ಕೆ ಸರಿಹೋದ್ರೂ ಆಸ್ಪತ್ರೆಗೆ ಓಡಿ.

ಪ್ರಶ್ನೆ (ದಾವಣಗೆರೆಯೋರೇ): ನಂದು ಕ್ಲೀನ್ ಬಂದ್ರೆ ಹಾರ್ಟೂ ಕ್ಲೀನ್ ಅಂತಾನಾ ಮೇಡಂ? 🙂

ಉತ್ತರ: ಹಂಗಂದ್ಕೋಬೇಡಿ. ಮ್ಯಾಡ್ರಿಡ್‌ನಲ್ಲಿ 40ರಿಂದ 54ರೊಳಗಿನ ನಾಲ್ಕು ಸಾವಿರ ಚಿಲ್ಲರೆ ಬ್ಯಾಂಕ್ ನೌಕರರನ್ನ ನೋಡಿದಾಗ ಕತ್ತಲ್ಲಿ ಪ್ಲಾಕ್ ಇದ್ದಿದ್ದು 31% ಜನಕ್ಕೆ, ಸೊಂಟ-ತೊಡೆ ರಕ್ತನಾಳದಲ್ಲಿ 44% ಜನಕ್ಕೆ. ಅಂದ್ರೆ ಕತ್ತು ಕ್ಲೀನ್ ಇದ್ರೂ ಬೇರೆ ಕಡೆ ಇರ್ಬಹುದು. ಹಾರ್ಟ್ ಬಗ್ಗೆನೇ ನೇರವಾಗಿ ತಿಳ್ಕೋಬೇಕಂದ್ರೆ ಸಿಟಿ ಕ್ಯಾಲ್ಸಿಯಂ ಸ್ಕೋರ್ (ಹಾರ್ಟಿನ ರಕ್ತನಾಳದಲ್ಲಿ ಕೂತಿರೋ ಕ್ಯಾಲ್ಸಿಯಂ ಅಳೆಯೋ ಸಿಟಿ ಸ್ಕ್ಯಾನ್) ವಾಸಿ, ಸ್ವಲ್ಪ ರೇಡಿಯೇಷನ್ ಇರುತ್ತೆ. ಅದು ನಿಮ್ಮೂರಲ್ಲಿ ಸಿಗ್ದಿದ್ರೆ ಕತ್ತಿಂದೇ ಮಾಡ್ಸಿ, ರೇಡಿಯಾಲಜಿಸ್ಟ್ ಹತ್ರ ಪ್ಲಾಕ್ ಇದೆಯಾ ಇಲ್ವಾ ರಿಪೋರ್ಟಲ್ಲಿ ಬಿಡಿಸಿ ಬರೀರಿ ಅಂತ ಕೇಳಿ.